ಜಪಾನಿ ಕತ್ತಿಯ ಮೇಲಿನ ಸಹಿ ಅಸಲಿಯಾ?

ಹಿಡಿಯೊಳಗೆ ಹೆಸರು ಕೆತ್ತಿರುವ ಹಳೆ ಜಪಾನಿ ಕತ್ತಿ ಸಿಕ್ಕಿದೆ, ಅಸಲಿಯಾ ಅಂತ ಕೇಳಿದ್ದೀರಿ. ಹೆಸರನ್ನು ಕೊನೆಗೆ ನೋಡಿ. ಸುಳ್ಳು ಸಹಿಗೆ ಅಲ್ಲಿ ‘ಗಿಮೇ’ ಅನ್ನುವ ಪದವೇ ಇದೆ, ಅಷ್ಟು ಜಾಸ್ತಿ.

ಬಿದಿರಿನ ಗೂಟ ತೆಗೆದು ಹಿಡಿ ಕಳಚಿ. ಒಳಗಿರುವ ಭಾಗ ‘ನಕಾಗೊ’. ಹಳೆಯದಾದರೆ ತುಕ್ಕು ಕಪ್ಪು-ಕಂದಾಗಿ, ನುಣ್ಣಗೆ ಕೂತಿರುತ್ತದೆ. ಅಕ್ಷರದ ಗೀರಿನೊಳಗೂ ಅದೇ ತುಕ್ಕು ಇರಬೇಕು. ಗೀರು ಮಾತ್ರ ಹೊಸದಾಗಿ ಹೊಳೆಯುತ್ತಿದ್ದರೆ ಅನುಮಾನ ಪಡಿ. ದಯವಿಟ್ಟು ಆ ತುಕ್ಕನ್ನು ಉಜ್ಜಬೇಡಿ, ಕತ್ತಿಯ ವಯಸ್ಸಿಗೆ ಸಾಕ್ಷಿ ಅದೇ!

ಆಮೇಲೆ ಅಲಗನ್ನು ಬಲ್ಬಿನ ಕಡೆ ವಾಲಿಸಿ. ಹದ ಹಾಕಿದ ಅಂಚಿನ ಗೆರೆಯಲ್ಲಿ, ಅಂದರೆ ‘ಹಾಮೋನ್’ನಲ್ಲಿ, ಮಂಜಿನಂಥ ಬಿಳುಪು ಅಥವಾ ಸಣ್ಣ ಹರಳಿನ ಮಿನುಗು ಕಾಣುತ್ತದೆ. ಆಸಿಡ್ ಹಾಕಿ ಬರೆದದ್ದು ಸುಮ್ನೆ ಮಂಕು.

ದೊಡ್ಡ ಮೊತ್ತವಾದರೆ ಜಪಾನಿ ಕತ್ತಿಗಳನ್ನು ಪರೀಕ್ಷಿಸುವ ಟೋಕಿಯೋದ ಎನ್‌ಬಿಟಿಎಚ್‌ಕೆ ಸಂಸ್ಥೆಯ ಪ್ರಮಾಣಪತ್ರ ಕೇಳಿ.