ಜನರೇಟರ್‌ನ ಟೆಂಪರೇಚರ್ ಸ್ವಿಚ್ ಕೆಟ್ಟಿದೆಯೇ ಎಂದು ನೋಡುವುದು ಹೇಗೆ?

ಇಂಜಿನ್ ಬಿಸಿಯೇ ಆಗದೆ ಅಪಾರ್ಟ್‌ಮೆಂಟಿನ ಡೀಸೆಲ್ ಜನರೇಟರ್ ‘ಹೈ ಟೆಂಪರೇಚರ್’ ಎಂದು ನಿಲ್ಲುತ್ತಿದೆ ಅಂದಿದ್ದೀರಿ. ಮೊದಲು ಟೆಂಪರೇಚರ್ ಸ್ವಿಚ್‌ನ (ಇಂಜಿನ್ ಅತಿಯಾಗಿ ಬಿಸಿಯಾದರೆ ಅಲಾರಂ ಕೊಡಿಸುವ ಸ್ವಿಚ್) ವೈರ್ ಕಿತ್ತು ಜನರೇಟರ್ ರಿಸೆಟ್ ಮಾಡಿ. ಸ್ವಿಚ್ ತಣ್ಣಗಿರುವಾಗ ಓಪನ್ ಇರುವ (ಕರೆಂಟ್ ಹರಿಯಲು ಬಿಡದ) ಮಾದರಿಯಾಗಿದ್ದು ಆಗಲೂ ಅಲಾರಂ ಬಂದರೆ ತಪ್ಪು ಸ್ವಿಚ್‌ನದಲ್ಲ, ವೈರ್ ಎಲ್ಲೋ ಇಂಜಿನ್‌ನ ಲೋಹದ ಮೈಗೆ ತಾಗುತ್ತಿರಬೇಕು. ಇಲಿ ಕಡಿದಿದೆಯಾ ನೋಡಿ.

ಅಲಾರಂ ಹೋದರೆ, ಇಂಜಿನ್ ಪೂರ್ತಿ ಆರಿದ ಮೇಲೆ ಸ್ವಿಚ್ ಬಿಚ್ಚಿ. ಕೂಲಂಟ್ (ಇಂಜಿನ್ ತಂಪಾಗಿಡುವ ದ್ರವ) ಸುರಿಯುತ್ತೆ, ಕೆಳಗೆ ಬೋಗುಣಿ ಇಡಿ. ಪಾತ್ರೆಯ ನೀರಿನಲ್ಲಿ ಹಿತ್ತಾಳೆ ತುದಿ ಮಾತ್ರ ಮುಳುಗುವಂತೆ, ತಳಕ್ಕೆ ತಾಗದಂತೆ ತಂತಿ ಕಟ್ಟಿ ಇಳಿಬಿಡಿ; ಪಕ್ಕದಲ್ಲೇ ಥರ್ಮಾಮೀಟರ್. ಮಲ್ಟಿಮೀಟರ್ ಕಂಟಿನ್ಯುಟಿಯಲ್ಲಿ (ಸಂಪರ್ಕ ಸಿಕ್ಕರೆ ಬೀಪ್ ಮಾಡುವ ಸೆಟ್ಟಿಂಗ್) ಇಟ್ಟು, ಒಂದು ಪ್ರೋಬ್ ಟರ್ಮಿನಲ್‌ಗೆ, ಇನ್ನೊಂದು ಸ್ವಿಚ್‌ನ ಲೋಹದ ಮೈಗೆ. ಎರಡು ಟರ್ಮಿನಲ್ ಇದ್ದರೆ ಅವೆರಡಕ್ಕೇ. ತಣ್ಣಗಿರುವಾಗ ಓಪನ್ ಇರಬೇಕಾದ ಮಾದರಿಯಲ್ಲಿ ತಣ್ಣೀರಿನಲ್ಲೇ ಬೀಪ್ ಬಂದರೆ ಸ್ವಿಚ್ ಬದಲಿಸಿ. ಸರಿಯಿದ್ದರೆ ಅದರ ಮೇಲೆ ಬರೆದ ಡಿಗ್ರಿಯ ಆಸುಪಾಸಿನಲ್ಲಿ ಬೀಪ್ ಬರುತ್ತದೆ, ಆರುವಾಗ ಕೆಲವು ಡಿಗ್ರಿ ಕೆಳಗಿಳಿದು ನಿಲ್ಲುತ್ತದೆ.

ಒಂದು ವಿಷಯ: ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಹೆಚ್ಚುಕಮ್ಮಿ 97 ಡಿಗ್ರಿಗೇ ಕುದಿಯುತ್ತದೆ. 100 ಡಿಗ್ರಿಗಿಂತ ಹೆಚ್ಚು ಎಂದು ಬರೆದಿರುವ ಸ್ವಿಚ್ ಆ ನೀರಿನಲ್ಲಿ ಎಷ್ಟು ಹೊತ್ತಾದರೂ ಸುಮ್ಮನೇ ಇರುತ್ತದೆ, ಕೆಟ್ಟಿದೆ ಎಂದು ಎಸೆಯಬೇಡಿ. ಒದ್ದೆ ಒರೆಸಿ, ಅಡುಗೆ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ನೋಡಿ.