ನಿದ್ದೆಗಾಗಿ ಶುರುವಾದ ಕುಡಿತ

(ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ.)

ಇವರನ್ನು ಮಂಜಣ್ಣ ಎಂದು ಕರೆಯೋಣ. ನಲವತ್ತು ದಾಟಿದ ಲಾರಿ ಚಾಲಕ. ಹೋದ ಮಳೆಗಾಲದಲ್ಲಿ ಘಾಟಿಯ ತಿರುವಿನಲ್ಲಿ ಲಾರಿ ಪಲ್ಟಿಯಾಗಿ ಕ್ಲೀನರ್ ಹುಡುಗ ತೀರಿಕೊಂಡ. ಮಂಜಣ್ಣನ ಮುರಿದ ಕೈ ಕೂಡಿಕೊಂಡಿತು, ಆದರೆ ಸ್ಟೇರಿಂಗ್ ಮತ್ತೆ ಹಿಡಿಯಲಿಲ್ಲ. ಹಬ್ಬಕ್ಕೋ ಜಾತ್ರೆಗೋ ಕುಡಿಯುತ್ತಿದ್ದವರು ದಿನಾ ಸಂಜೆ ಕುಡಿಯತೊಡಗಿದರು. ಆಮೇಲೆ ಬೆಳಗ್ಗೆಯೂ. ಹೆಂಡತಿ ದೇವರ ಮುಂದೆ ಆಣೆ ಮಾಡಿಸಿದರು, ಮಕ್ಕಳ ತಲೆ ಮುಟ್ಟಿಸಿದರು. ಯಾವುದೂ ವಾರ ನಿಲ್ಲಲಿಲ್ಲ. "ಹೇಗಾದ್ರೂ ಬಿಡ್ಸಿಕೊಡಿ ಮೇಡಂ" ಎಂದು ಆಪ್ತಸಲಹೆಗೆ ನನ್ನ ಬಳಿ ಕರೆತಂದರು.

ನಾನು ಮೊದಲು ಕೇಳಿದ್ದು ನಿದ್ದೆಯ ಬಗ್ಗೆ. "ಕಣ್ಣು ಮುಚ್ಚಿದ್ರೆ ಅದೇ ತಿರುವು ಬರುತ್ತೆ. ಎರಡು ಕ್ವಾರ್ಟರ್ ಹಾಕಿದ್ರೆ ಬರಲ್ಲ" ಎಂದರು.

ಬ್ರೇಕ್ ಸದ್ದಿಗೆ ಬೆಚ್ಚುವುದು, ಡೀಸೆಲ್ ವಾಸನೆಗೆ ಬೆವರುವುದು, ಹುಡುಗನ ಮನೆಯ ಬೀದಿಗೇ ಹೋಗದಿರುವುದು. ಆಘಾತವಾದ ಮೇಲೆ ಇಂಥವು ತಿಂಗಳು ಕಳೆದರೂ ಬಿಡದಿದ್ದರೆ ಅದು ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಉಳಿದುಬಿಡುವ ಮಾನಸಿಕ ಕಾಯಿಲೆ ಇರಬಹುದು. ಮದ್ಯ ಬೇಗ ನಿದ್ದೆ ತರಿಸುತ್ತದೆ, ನಿಜ. ಅಮಲು ಇಳಿದಂತೆ ನಡುರಾತ್ರಿ ಎಚ್ಚರವಾಗುತ್ತದೆ, ಕೆಟ್ಟ ಕನಸು ಬೀಳುತ್ತದೆ. ಮರುದಿನ ಇನ್ನೂ ಜಾಸ್ತಿ ಬೇಕು. ಹೀಗಿರುವಾಗ ಬರೀ ಬಾಟಲಿ ಕಿತ್ತುಕೊಂಡು ಏನು ಪ್ರಯೋಜನ?

"ನಾಳೆಯಿಂದಲೇ ಬಿಡ್ತೀನಿ" ಎಂದರು. ಬೇಡ ಎಂದೆ. ಹೆಂಡತಿಗೆ ಆಶ್ಚರ್ಯ. ಆದರೆ ಬೆಳಗ್ಗೆ ಕೈ ನಡುಗುವಷ್ಟು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಎರಡು ಮೂರು ದಿನದಲ್ಲಿ ಇಲ್ಲದ್ದು ಕಾಣಿಸಿ, ಎಲ್ಲಿದ್ದೇನೆಂದು ಗೊತ್ತಾಗದ ಸ್ಥಿತಿ ಬಂದರೆ ಪ್ರಾಣಕ್ಕೇ ಅಪಾಯ. ಅಂಥದ್ದು ಕಂಡರೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಮಂಜಣ್ಣನನ್ನು ಮನೋವೈದ್ಯರ ಬಳಿ ಕಳಿಸಿದೆ. ಅಲ್ಲಿ ದಾಖಲಾಗಿ, ನಡುಕಕ್ಕೆ ಔಷಧ ಮತ್ತು ಬಿ1 ವಿಟಮಿನ್ ಪಡೆದು ಬಂದರು. ನನ್ನ ಕೆಲಸ ಅಲ್ಲಿಂದ ಮುಂದಿನದು.

ಕೆಲವು ವಾರ ಅಪಘಾತದ ಮಾತೇ ಎತ್ತಲಿಲ್ಲ. ಭಯ ಏರಿದಾಗ ಪಾದ ನೆಲಕ್ಕೆ ಊರಿ, ಸುತ್ತ ಕಾಣುವ ವಸ್ತುಗಳ ಹೆಸರು ಹೇಳುತ್ತಾ ಉಸಿರು ನಿಧಾನ ಮಾಡುವುದನ್ನು ಕಲಿತರು. ಆಮೇಲೆ ಆ ರಾತ್ರಿಯನ್ನು ತುಣುಕು ತುಣುಕಾಗಿ ಹೇಳಿದರು. ಕೊನೆಗೆ ಬಂದದ್ದು ಒಂದೇ ಮಾತು: "ನಾನೇ ಕೊಂದೆ."

"ನಿಮ್ಮ ತಪ್ಪೇನಿಲ್ಲ" ಎಂದು ನಾನು ಹೇಳಲಿಲ್ಲ. ಅದನ್ನು ಊರವರೆಲ್ಲ ಹೇಳಿದ್ದರು, ಅವರು ನಂಬಿರಲಿಲ್ಲ. ಬದಲಿಗೆ, ಅವರ ಕೈಯಲ್ಲಿ ಏನಿತ್ತು, ಏನಿರಲಿಲ್ಲ ಎಂದು ಕೂತು ಬಿಡಿಸಿದೆವು. ನಿದ್ದೆಗೆಟ್ಟು ಓಡಿಸಿದ್ದು ಅವರೇ. ಓವರ್‌ಲೋಡ್ ಹಾಕಿಸಿದ್ದು ಅವರಲ್ಲ. ಮಳೆ, ಜಾರುವ ರಸ್ತೆ ಅವರ ಕೈಯಲ್ಲಿರಲಿಲ್ಲ. ತಮ್ಮ ಪಾಲು ಎಷ್ಟೆಂದು ತಾವೇ ಹೇಳಿಕೊಂಡ ದಿನ ತುಂಬಾ ಹೊತ್ತು ಅತ್ತರು. ಆಮೇಲೆ ಹುಡುಗನ ತಾಯಿಯನ್ನು ನೋಡಬೇಕು ಎಂದರು. ಆಕೆಗೆ ಒಪ್ಪಿಗೆಯಿದೆಯೇ ಎಂದು ವಿಚಾರಿಸಿಯೇ ಹೋಗಬೇಕೆಂದೆ. ಹಾಗೆಯೇ ಹೋಗಿ ಬಂದರು.

ಹೆಂಡತಿಗೂ ಸಲಹೆ ಕೊಟ್ಟೆ. ಕುಡಿದಾಗ ವಾದ ಬೇಡ, ಮಾತು ಬೆಳಗ್ಗೆಗಿರಲಿ. ಗೊತ್ತಾಗದಂತೆ ಸಾರಿನಲ್ಲಿ ಮಾತ್ರೆ ಬೆರೆಸುವುದಂತೂ ಬೇಡವೇ ಬೇಡ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆ ಒಳಗಿರುವಾಗ ಕುಡಿದರೆ ರಕ್ತದೊತ್ತಡ ಕುಸಿದು ಜೀವಕ್ಕೆ ಕುತ್ತಾಗಬಹುದು. ಆಕೆ ಸುಮ್ನೆ ತಲೆಯಾಡಿಸಿದರು. ಯಾರೋ ಆ ಉಪಾಯ ಹೇಳಿಕೊಟ್ಟಿದ್ದರಂತೆ!

ಜಾತ್ರೆಯಲ್ಲಿ ಮಂಜಣ್ಣ ಮತ್ತೆ ಕುಡಿದರು. ಮರುದಿನವೇ ಫೋನ್ ಮಾಡಿದರು, ಅದು ದೊಡ್ಡದು. ಯಾರ ಜೊತೆಗಿದ್ದರು, ಅದಕ್ಕೆ ಮುಂಚೆ ಮನಸ್ಸಿನಲ್ಲಿ ಏನಿತ್ತು ಎಂದು ನೋಡಿ ಮುಂದೆ ಹೋದೆವು.

ಈಗ ಪೇಟೆಯೊಳಗೆ ಗೂಡ್ಸ್ ಆಟೊ ಓಡಿಸುತ್ತಾರೆ. ಮೊದಲು ನಿಂತ ಗಾಡಿಯಲ್ಲಿ ಬರೀ ಕೂತರು, ಆಮೇಲೆ ಊರ ರಸ್ತೆಯಲ್ಲಿ ಓಡಿಸಿದರು. ಘಾಟಿಗೆ ಇನ್ನೂ ಹೋಗಿಲ್ಲ. ನನಗೂ ಅವಸರವಿಲ್ಲ.

ಮನೆಯಲ್ಲಿ ಇಂಥ ಕಷ್ಟ ಇದ್ದರೆ 14416ಕ್ಕೆ ಕರೆ ಮಾಡಿ. ಇದು 2022ರಲ್ಲಿ ಶುರುವಾದ ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಹಗಲು ರಾತ್ರಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಕುಡಿಯುವವರು ಬರಲು ಒಪ್ಪದಿದ್ದರೂ ಮನೆಯವರು ಕರೆ ಮಾಡಬಹುದು.