ಮಾತ್ರೆ ನಿಮಗೆ, ಉಪ್ಪು ಸೊಸೆಗೆ

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ಮದ್ದೂರಿನ ಹತ್ತಿರ ಹಳ್ಳಿ ನಮ್ಮದು, ನನಗೆ 52 ವರ್ಷ. ಯುಗಾದಿ ಆದಮೇಲೆ ಸುಸ್ತು ಜಾಸ್ತಿ ಆಗಿ ರಕ್ತ ಪರೀಕ್ಷೆ ಮಾಡಿಸಿದಾಗ ಟಿಎಸ್‌ಎಚ್ 14 ಬಂತು. ಥೈರಾಯ್ಡ್ ಕಮ್ಮಿ ಅಂತ 50ರ ಮಾತ್ರೆ ನುಂಗುತ್ತಿದ್ದೇನೆ. ಪ್ಯಾಕೆಟ್ ಉಪ್ಪಿನಿಂದಲೇ ಥೈರಾಯ್ಡ್ ಬರೋದು, ಹಳೇ ಕಲ್ಲುಪ್ಪೇ ಸರಿ ಅಂತಾರೆ ಪಕ್ಕದ ಮನೆಯವರು. ಮಗ ಬೆಂಗಳೂರಿಂದ ಗುಲಾಬಿ ಬಣ್ಣದ ಹಿಮಾಲಯದ ಉಪ್ಪು ತಂದಿಟ್ಟಿದ್ದಾನೆ. ಎಲೆಕೋಸು, ನವಿಲುಕೋಸು ಎರಡೂ ಬಿಟ್ಟಿದ್ದೇನೆ. ಮನೆಗೆ ಸೊಸೆ ಬಂದು ಆರು ತಿಂಗಳಾಯಿತು. ಯಾವ ಉಪ್ಪು ಹಾಕಲಿ ಅತ್ತೆ ಅಂತ ದಿನಾ ಕೇಳ್ತಾಳೆ. ಏನು ಹೇಳಲಿ?

ಉತ್ತರ: ಅಯೋಡಿನ್ ಇರುವ ಪ್ಯಾಕೆಟ್ ಉಪ್ಪೇ ಹಾಕು ಅನ್ನಿ, ಅಮ್ಮ. ಅದರಿಂದ ನಿಮ್ಮ ಥೈರಾಯ್ಡ್ ವಾಸಿ ಆಗುತ್ತದೆ ಅಂತಲ್ಲ. ಪತ್ರದ ಕೊನೆಯಲ್ಲಿ ಬರುವ ಆ ಸೊಸೆಗೋಸ್ಕರ.

ಮೊದಲು ನಿಮ್ಮ ವಿಷಯ. ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿ ಹಾರ್ಮೋನ್ ಮಾಡುವುದೇ ಅಯೋಡಿನ್‌ನಿಂದ. ಅದು ಸಿಗದಿದ್ದರೆ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಟಿಎಸ್‌ಎಚ್ ಎಂಬ ಹಾರ್ಮೋನ್ ಕಳಿಸಿ ಕಳಿಸಿ ಥೈರಾಯ್ಡ್ ಗ್ರಂಥಿಯನ್ನು ದುಡಿಸುತ್ತದೆ, ಗ್ರಂಥಿ ಊದಿಕೊಳ್ಳುತ್ತದೆ, ಅದೇ ಗಳಗಂಡ. ಆದರೆ ಇವತ್ತು ನಮ್ಮ ಕಡೆ ಐವತ್ತು ದಾಟಿದ ಹೆಂಗಸರಿಗೆ ಟಿಎಸ್‌ಎಚ್ ಏರಿದರೆ ಸಾಮಾನ್ಯವಾಗಿ ಕಾರಣ ಬೇರೆ. ರೋಗಾಣುಗಳ ಮೇಲೆ ಬೀಳಬೇಕಾದ ದೇಹದ ಕಾವಲು ಪಡೆ ತನ್ನದೇ ಗ್ರಂಥಿಯ ಮೇಲೆ ಬಿದ್ದಿರುತ್ತದೆ. 1912ರಲ್ಲಿ ಇದನ್ನು ವಿವರಿಸಿದ ಜಪಾನಿನ ಡಾಕ್ಟರ್ ಹಶಿಮೊಟೊ ಅವರ ಹೆಸರೇ ಈ ಕಾಯಿಲೆಗೆ ನಿಂತಿದೆ. ಮಿಲ್ಲು ಕೆಟ್ಟು ಕೂತಿರುವಾಗ ಎಷ್ಟು ರಾಗಿ ಸುರಿದರೆ ತಾನೆ ಹಿಟ್ಟು ಬರುತ್ತೆ? ಅದಕ್ಕೇ ನಿಮಗೆ ಹಿಟ್ಟನ್ನೇ, ಅಂದರೆ ಹಾರ್ಮೋನನ್ನೇ ಕೊಟ್ಟಿದ್ದಾರೆ, ಆ 50ರ ಮಾತ್ರೆ. ಉಪ್ಪು ಬದಲಾಯಿಸಿದೆ ಅಂತ ಅದನ್ನು ನಿಲ್ಲಿಸಬೇಡಿ. ಆರರಿಂದ ಎಂಟು ವಾರಕ್ಕೆ ಮತ್ತೆ ಟಿಎಸ್‌ಎಚ್ ನೋಡಿಸಿ, ಡೋಸ್ ಏರಿಸಬೇಕಾಗಬಹುದು.

ಪಕ್ಕದ ಮನೆಯವರ ಮಾತಲ್ಲಿ ಕಾಲು ಪಾಲು ನಿಜ ಇದೆ. ಅಯೋಡಿನ್ ಮಿತಿಮೀರಿದರೂ ಗ್ರಂಥಿ ಕೆಡಬಹುದು. ಹಾಗಾಗಿ ಸಮುದ್ರ ಪಾಚಿಯ ಕ್ಯಾಪ್ಸೂಲ್, ಪುಡಿ ಯಾರಾದರೂ ಕೊಟ್ಟರೆ ಮುಟ್ಟಬೇಡಿ. ಉಪ್ಪಿನ ಲೆಕ್ಕ ಬೇರೆ, ಅದರಲ್ಲಿ ಮಿತಿಮೀರುವಷ್ಟು ಇರುವುದಿಲ್ಲ. ಅಂಗಡಿಯಲ್ಲಿ ಮಾರುವ ಅಯೋಡಿನ್ ಉಪ್ಪಿನಲ್ಲಿ ಕೆಜಿಗೆ ಕನಿಷ್ಠ 15 ಮಿಲಿಗ್ರಾಂ ಅಯೋಡಿನ್ ಇರಬೇಕು, ದೊಡ್ಡವರಿಗೆ ದಿನಕ್ಕೆ ಬೇಕಾದ್ದು 150 ಮೈಕ್ರೋಗ್ರಾಂ. 70 ವರ್ಷ ಬದುಕಿದರೂ ಒಟ್ಟು ನಾಲ್ಕು ಗ್ರಾಂ ಮುಟ್ಟುವುದಿಲ್ಲ, ಒಂದು ಟೀ ಚಮಚಕ್ಕೂ ಕಮ್ಮಿ. ಆದರೆ ಆ ಒಂದು ಚಮಚ ಒಂದೇ ಸಲ ತಿಂದು ಮುಗಿಸುವ ಹಾಗಿಲ್ಲ, ದೇಹ ಅಷ್ಟನ್ನು ಕೂಡಿಡುವುದಿಲ್ಲ, ದಿನಾ ಒಂದಿಷ್ಟು ಬರುತ್ತಿರಬೇಕು.

ಈಗ ಸೊಸೆ. ಗರ್ಭಿಣಿಗೂ ಬಾಣಂತಿಗೂ ದಿನಕ್ಕೆ 250 ಮೈಕ್ರೋಗ್ರಾಂ ಬೇಕು. ಮೊದಲ ಮೂರು ತಿಂಗಳು ಮಗುವಿನ ಗ್ರಂಥಿ ಇನ್ನೂ ಕೆಲಸ ಶುರು ಮಾಡಿರುವುದಿಲ್ಲ, ಮೆದುಳು ಮಾತ್ರ ಆಗಲೇ ಬೆಳೆಯುತ್ತಿರುತ್ತದೆ, ಅದಕ್ಕೆ ಬೇಕಾದ ಹಾರ್ಮೋನೆಲ್ಲ ತಾಯಿಯದೇ. ಸೊಸೆ ಬಸುರಿ ಅಂತ ಗೊತ್ತಾಗಿ ನೀವು ಸಿಹಿ ಹಂಚುವ ಹೊತ್ತಿಗೆ ಈ ಮೂರು ತಿಂಗಳಲ್ಲಿ ಅರ್ಧ ಕಾಲ ಕಳೆದೇ ಹೋಗಿರುತ್ತದೆ, ಅಲ್ವಾ? ಕೊರತೆ ತೀರಾ ಜಾಸ್ತಿ ಇದ್ದ ಕಡೆ ಮಕ್ಕಳು ಕಿವಿ ಕೇಳದೆ, ಬುದ್ಧಿ ಬೆಳೆಯದೆ ಹುಟ್ಟಿದ್ದಾರೆ. ಸ್ವಲ್ಪ ಕೊರತೆ ಇದ್ದರೆ ಕತ್ತಿನಲ್ಲಿ ಏನೂ ಕಾಣಿಸದು, ಮಗು ಕಲಿಯುವುದರಲ್ಲಿ ಹಿಂದೆ ಬೀಳಬಹುದು. ನಾನು ಹೆದರುವುದು ಈ ಕಾಣದ ಕೊರತೆಗೇ.

ಇದೆಲ್ಲ ಕಂಪನಿಯವರ ಆಟ ಅನ್ನುವವರಿಗೆ ಕಾಂಗ್ರಾ ಕಣಿವೆಯ ಕತೆ ಹೇಳಿ. ಹಿಮಾಚಲದ ಆ ಕಣಿವೆಯಲ್ಲಿ ಗಳಗಂಡ ಮನೆಮನೆಯ ಮಾತಾಗಿತ್ತು. 1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಜೊತೆಯವರು ಕಣಿವೆಯನ್ನು ಮೂರು ಭಾಗ ಮಾಡಿಕೊಂಡು ಎರಡಕ್ಕೆ ಅಯೋಡಿನ್ ಉಪ್ಪು, ಒಂದಕ್ಕೆ ಬರೀ ಉಪ್ಪು ಹಂಚಿದರು. ಆರು ವರ್ಷದಲ್ಲಿ ಅಯೋಡಿನ್ ತಿಂದ ಕಡೆ ಗಳಗಂಡ ಚೆನ್ನಾಗಿ ಇಳಿದಿತ್ತು. 1962ರಲ್ಲಿ ಸರ್ಕಾರದ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಹಿಮಾಲಯದ ತಪ್ಪಲಿನವರಿಗೇ ಅಯೋಡಿನ್ ಸಾಲದೆ ಇಷ್ಟೆಲ್ಲ ಆಗಿರುವಾಗ ನಾವು ದುಡ್ಡು ಕೊಟ್ಟು ಹಿಮಾಲಯದ ಹೆಸರಿನ ಉಪ್ಪು ತರುತ್ತಿದ್ದೇವೆ ನೋಡಿ! ಅಯೋಡಿನ್ ಸೇರಿಸಿದ್ದೇವೆ ಅಂತ ಬರೆದಿಲ್ಲದಿದ್ದರೆ ಆ ಗುಲಾಬಿ ಉಪ್ಪಿನಲ್ಲಿ ಅದು ಹೆಸರಿಗಷ್ಟೇ. ಮಗನಿಗೆ ಬೇಜಾರಾಗುವುದಾದರೆ ಸೀಬೆಕಾಯಿಗೆ ಹಚ್ಚಿಕೊಂಡು ತಿನ್ನಲಿ.

ಕಲ್ಲುಪ್ಪಿನ ಮೇಲೆ ನನಗೇನೂ ಸಿಟ್ಟಿಲ್ಲ. ಉಪ್ಪಿನಕಾಯಿಗೆ ಅದೇ ಬೇಕು ಅಂದರೆ ಹಾಕಿಕೊಳ್ಳಿ. ಅಯೋಡಿನ್ ಹಾಕಿದ ಕಲ್ಲುಪ್ಪೂ ಈಗ ಸಿಗುತ್ತದೆ, ಆದರೆ ಅದನ್ನು ತೊಳೆಯಬೇಡಿ. ನಮ್ಮಜ್ಜಿ ಕಲ್ಲುಪ್ಪನ್ನು ಕಸ ಹೋಗಲಿ ಅಂತ ತೊಳೆದೇ ಜಾಡಿಗೆ ತುಂಬುತ್ತಿದ್ದರು. ಈಗಿನ ಹರಳಿಗೆ ಅಯೋಡಿನ್ ಮೇಲಿಂದ ಸಿಂಪಡಿಸಿರುತ್ತಾರೆ, ತೊಳೆದರೆ ಮೊದಲು ಹೋಗುವುದೇ ಅದು. ಜಾಡಿ ಒಲೆಯ ಪಕ್ಕ ಬೇಡ, ಮುಚ್ಚಳ ಬಿಗಿಯಾಗಿರಲಿ, ಒದ್ದೆ ಕೈ ಹಾಕಬೇಡಿ. ಸಾರಿಗೆ ಇಳಿಸುವ ಮುಂಚೆ ಉಪ್ಪು ಹಾಕಿದರೆ ಒಳ್ಳೆಯದು. ಹಾಗಂತ ಅಯೋಡಿನ್ ಆಸೆಗೆ ಉಪ್ಪು ಜಾಸ್ತಿ ಮಾಡಬೇಡಿ, ಬಿಪಿ ಕಾಯುತ್ತಾ ಕೂತಿರುತ್ತದೆ. ಹಾಲು, ಮೊಸರು, ಮೊಟ್ಟೆ, ಸಮುದ್ರದ ಮೀನಿನಲ್ಲೂ ಅಯೋಡಿನ್ ಇದೆ.

ಕೋಸು ಬಿಟ್ಟಿದ್ದು ಸುಮ್ನೆ. ಹಸಿಯಾಗಿ ರಾಶಿ ತಿಂದರೆ ಮಾತು ಬೇರೆ, ಬೇಯಿಸಿದ ಪಲ್ಯಕ್ಕೆ, ನವಿಲುಕೋಸಿನ ಹುಳಿಗೆ ಏನೂ ಅಡ್ಡಿಯಿಲ್ಲ.

ಪ್ರಶ್ನೆ: ಎದ್ದ ತಕ್ಷಣ ನನಗೆ ಫಿಲ್ಟರ್ ಕಾಫಿ ಆಗಲೇಬೇಕು. ಥೈರಾಯ್ಡ್ ಮಾತ್ರೆಯನ್ನು ಕಾಫಿ ಜೊತೆಗೇ ನುಂಗಬಹುದೇ? (ಸರಸ್ವತಿಪುರಂ, ಮೈಸೂರು)

ಉತ್ತರ: ಬೇಡ. ಖಾಲಿ ಹೊಟ್ಟೆಗೆ ಬರೀ ನೀರಿನಲ್ಲಿ ನುಂಗಿ, ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ ಕುಡಿಯಿರಿ. ಮೈಸೂರಿನವರಿಗೆ ಇದು ದೊಡ್ಡ ಶಿಕ್ಷೆ, ಗೊತ್ತು. ಮಾತ್ರೆ ತಲೆದಿಂಬಿನ ಪಕ್ಕ ಇಟ್ಟುಕೊಂಡು ಎಚ್ಚರವಾದ ಕೂಡಲೇ ನುಂಗಿದರೆ ಹಾಲು ಬಂದು ಡಿಕಾಕ್ಷನ್ ಇಳಿಯುವ ಹೊತ್ತಿಗೆ ಸರಿಹೋಗುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ಇದ್ದರೆ ಅವಕ್ಕೆ ನಾಲ್ಕು ಗಂಟೆ ಅಂತರ ಕೊಡಿ.

ಪ್ರಶ್ನೆ: 15 ವರ್ಷದ ಮಗಳ ಕತ್ತಿನ ಮುಂದೆ ಸಣ್ಣ ಉಬ್ಬು ಬಂದಿದೆ. ನೋವಿಲ್ಲ. ಸುಣ್ಣ ಹಚ್ಚಿದರೆ ಇಳಿಯುತ್ತೆ ಅಂತಾರೆ ನಮ್ಮತ್ತೆ. (ಮಂಡ್ಯ)

ಉತ್ತರ: ಸುಣ್ಣ ಹಚ್ಚಿದರೆ ಚರ್ಮ ಸುಡುತ್ತದೆ, ಅಷ್ಟೇ. ಮಗಳಿಗೆ ಒಂದು ಗುಟುಕು ನೀರು ಕುಡಿಸಿ ನೋಡಿ. ನುಂಗುವಾಗ ಉಬ್ಬು ಮೇಲಕ್ಕೂ ಕೆಳಕ್ಕೂ ಹೋದರೆ ಅದು ಹೆಚ್ಚಾಗಿ ಥೈರಾಯ್ಡಿನದೇ. ಹೋದರೂ ಹೋಗದಿದ್ದರೂ ಈ ವಾರವೇ ಡಾಕ್ಟರಿಗೆ ತೋರಿಸಿ, ಟಿಎಸ್‌ಎಚ್ ಪರೀಕ್ಷೆ, ಕತ್ತಿನ ಸ್ಕ್ಯಾನಿಂಗ್ ಬೇಕಾ ಅಂತ ಕೇಳಿ. ಹಾಗೇ ಮನೆಯ ಉಪ್ಪಿನ ಪ್ಯಾಕೆಟ್ ತಿರುಗಿಸಿ ಏನು ಬರೆದಿದೆ ನೋಡಿ, ಡಾಕ್ಟರು ಕೇಳಬಹುದು.